ಹನ್ನೊಂದು ಪಾತ್ರೆಯಿಂದ ಎರಡಕ್ಕೆ: ಫೋಂಡಾದ ಹಂಚಿನ ಮನೆಯಲ್ಲಿ ನಮ್ಮ ಮೊದಲ ವರ್ಷ

ಹೋದ ವರ್ಷ ಜೂನ್ ಎರಡನೇ ವಾರ ಸೋರುವ ನೀರು ಹಿಡಿಯಲು ನಮ್ಮ ಮನೆಯಲ್ಲಿ ಹನ್ನೊಂದು ಪಾತ್ರೆ ಕೂತಿದ್ದವು. ಬಕೆಟ್ಟು, ಪರಾತ, ಡಬರಿ ಎಲ್ಲ ಮುಗಿದು ಕೊನೆಗೆ ಕುಕ್ಕರನ್ನೂ ಇಟ್ಟೆ. ಅವತ್ತು ರಾತ್ರಿ ಊಟ ಅವಲಕ್ಕಿ. ಈ ವರ್ಷ ಅದೇ ಜೂನ್, ಅದೇ ಮಳೆ, ಪಾತ್ರೆ ಎರಡು. ಹನ್ನೊಂದರಿಂದ ಎರಡಕ್ಕೆ ಇಳಿಯೋಕೆ ಒಂದು ವರ್ಷ ಹಿಡಿಯಿತು. ನಮ್ಮ ಹಾಗೆ ಫ್ಲ್ಯಾಟು ಬಿಟ್ಟು ಗೋವಾದ ಹಳೇ ಮನೆಗೆ ಹೋಗಬೇಕು ಅಂತಿರುವ ಕನ್ನಡದವರು ಬಹಳ ಜನ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗದಗ ಕಡೆಯವಳು. ನಮ್ಮನೆಯವರ ನೌಕರಿಗಾಗಿ ವಾಸ್ಕೋಕ್ಕೆ ಬಂದು 28 ವರ್ಷ ಎರಡನೇ ಮಹಡಿಯಲ್ಲಿ ಇದ್ದೆವು. ಇಷ್ಟು ವರ್ಷ ಗೋವಾದಲ್ಲಿದ್ದೂ ನನಗೆ ಮಳೆ ಅಂದರೆ ಕಿಟಕಿಯಾಚೆ ಸುರಿಯುವುದು, ಬಟ್ಟೆ ಒಣಗದಿರುವುದು, ಅಷ್ಟೇ. ಅವರು ನಿವೃತ್ತರಾದ ಮೇಲೆ ಫೋಂಡಾ ತಾಲೂಕಿನ ಒಂದು ಹಳ್ಳಿಯಲ್ಲಿ ಈ ಮನೆ ಸಿಕ್ಕಿತು. ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು, ಮುಂದೆ ತುಳಸಿ ಕಟ್ಟೆ, ಹಿಂದೆ ಬಾವಿ. ಆರು ತೆಂಗು, 22 ಅಡಿಕೆ, ಒಂದು ಹಲಸು, ಒಂದು ಮಾನ್ಕುರಾದ್ ಮಾವು, ಬೇಲಿ ಪಕ್ಕ ಒಂದು ಮುರುಗಲು, ಅಂದರೆ ಕೋಕಂ. ನೋಡಲು ಹೋಗಿದ್ದು ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ಯಾವ ಮನೆಯೂ ಸೋರುವುದಿಲ್ಲ. ಮೊದಲ ಪಾಠ ಇದೇ: ಹಳೇ ಮನೆ ಕೊಳ್ಳುವವರು ಒಮ್ಮೆಯಾದರೂ ಜುಲೈನಲ್ಲಿ ಹೋಗಿ ನೋಡಿ. ಮಾರುವವರು ಬೇಡ ಅಂದರೆ ಏಕೆ ಬೇಡ ಅಂತ ಕೇಳಿ.

ಖರೀದಿ ಪತ್ರಕ್ಕೆ ಒಂಬತ್ತು ಜನರ ಸಹಿ ಬೇಕಾಯಿತು. ಮೂರು ಜನ ಅಣ್ಣತಮ್ಮಂದಿರು, ಅವರ ಹೆಂಡಂದಿರು, ಮುಂಬೈಯಲ್ಲಿರುವ ತಂಗಿ, ತಂಗಿಯ ಗಂಡ, ಜೊತೆಗೆ ತಾಯಿ. ಗೋವಾದಲ್ಲಿ ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯಿಂದ ಬಂದ ಕಾಯಿದೆ ಇನ್ನೂ ನಡೆಯುತ್ತದೆ. ಮದುವೆಯಾದವರ ಆಸ್ತಿ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರದ್ದೂ. ಹೆಣ್ಣುಮಕ್ಕಳಿಗೂ ಪಾಲು. ಇದು ಒಳ್ಳೆಯದೇ, ನಮ್ಮ ಕಡೆಯೂ ಹೀಗೇ ಮೊದಲಿನಿಂದ ಇದ್ದಿದ್ದರೆ ನಮ್ಮ ಅತ್ತೆ ಬೇರೆ ರೀತಿ ಬದುಕುತ್ತಿದ್ದರು. ಆದರೆ ಈ ಒಂಬತ್ತು ಸಹಿ ಮುಂದೆ ಹಲಸಿನ ಕೊಂಬೆಗೂ ಅಡ್ಡ ಬರುತ್ತದೆ ಅಂತ ಅವತ್ತು ಯಾರಿಗೆ ಗೊತ್ತಿತ್ತು.

ಮನೆ ಕೈಗೆ ಬಂದಿದ್ದು ಮೇ 8ಕ್ಕೆ. ನನ್ನ ತಲೆಯಲ್ಲಿದ್ದ ಲೆಕ್ಕ ತವರಿನದು. ಗದಗದ ನಮ್ಮ ಮಾಳಿಗೆ ಮನೆಗೆ ಮಳೆಗಾಲದ ತಯಾರಿ ಅಂದರೆ ಅಪ್ಪ ಎರಡು ಚಕ್ಕಡಿ ಮಣ್ಣು ತರಿಸಿ ಮ್ಯಾಲೆ ಹಾಕಿಸಿ ತುಳಿಸುವುದು, ಬೆಳಕಿಂಡಿಗೆ ಒಂದು ಪರಾತ ಮುಚ್ಚುವುದು. ಎರಡು ದಿನದ ಕೆಲಸ. ಅಲ್ಲಿ ಇಡೀ ವರ್ಷ ಬೀಳುವ ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿದುಬಿಡುತ್ತದೆ. ಗೋವಾದ ವರ್ಷದ ಮಳೆ ಸುಮಾರು 3,000 ಮಿಲಿಮೀಟರ್, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಅಂಕಿ ನನಗೆ ಮೊದಲೇ ಗೊತ್ತಿತ್ತು. ಅದರ ಅರ್ಥ ಗೊತ್ತಿರಲಿಲ್ಲ.

ಹಂಚಿನ ಕೆಲಸದವರಿಗಾಗಿ ಮೂರು ವಾರ ಅಲೆದೆವು. ಮೇ ತಿಂಗಳಲ್ಲಿ ಇಡೀ ತಾಲೂಕು ಅವರನ್ನೇ ಹುಡುಕುತ್ತಿರುತ್ತದೆ. ಫೋನ್ ಎತ್ತಿದರೆ ಅದೇ ದೊಡ್ಡ ಮಾತು, 'ಫಾಲ್ಯಾಂ ಯೆತಾಂ', ನಾಳೆ ಬರ್ತೀನಿ. ಆ ನಾಳೆ ಬರಲಿಲ್ಲ. ಕೊನೆಗೆ ಮೇ 29ಕ್ಕೆ ಕೂಲಿಯವರು ಸೇರುವ ನಾಕಾದಲ್ಲಿ ಬಾದಾಮಿ ಕಡೆಯ ಒಬ್ಬ ಮೇಸ್ತ್ರಿ ಸಿಕ್ಕ. ನನ್ನ ಮಾತು ಕೇಳಿದ್ದೇ ತಡ, "ಅಕ್ಕಾರ, ನಮ್ಮೂರಾವ್ರು ನೀವು, ಇದೇನ್ ಮಹಾ ಕೆಲಸ ಬಿಡ್ರಿ" ಅಂದ. ಆ ಮಾತಿಗೇ ನಾನು ಕರಗಿದೆ. ಪಾಪ, ಸ್ಲ್ಯಾಬ್ ಹಾಕುವುದರಲ್ಲಿ ಅವನು ಗಟ್ಟಿಗ. ಹಂಚಿನ ಮೇಲೆ ಹೇಗೆ ನಡೆಯಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಕೆಳಗೆ ಪಕಾಸು (ಹಂಚಿನ ಭಾರ ಹೊರುವ ಮರದ ತೊಲೆ) ಇರುವ ಕಡೆ, ಎರಡು ಹಂಚು ಒಂದರ ಮೇಲೊಂದು ಕೂತಿರುವ ಅಂಚಿಗೆ ಕಾಲಿಡಬೇಕು. ಇಲ್ಲವೇ ಹಲಗೆ ಹಾಸಿಕೊಳ್ಳಬೇಕು. ಅವನು ನಡುವೆ ಕಾಲಿಟ್ಟ. ಒಡೆದಿದ್ದ 30 ಹಂಚು ಬದಲಿಸಲು ಹತ್ತಿ ಇನ್ನೂ 40 ಒಡೆದ. ಜೂನ್ 4ಕ್ಕೆ ಮಳೆ ಹಿಡಿಯಿತು. 6,500 ರೂಪಾಯಿಗೆ ನೀಲಿ ತಾಡಪತ್ರಿ ತಂದು ಹೊದಿಸಿದೆವು. ಪಶ್ಚಿಮದ ಗಾಳಿ ಮೂರನೇ ದಿನ ಅದನ್ನು ಪಕ್ಕದ ಮನೆಯ ಮಾವಿಗೆ ಉಡಿಸಿತು.

ಪಕ್ಕದ ಮನೆಯ ಮಾವ್ಶಿಗೆ (ಕೊಂಕಣಿಯಲ್ಲಿ ಚಿಕ್ಕಮ್ಮ ಅಂತ) 74 ವರ್ಷ. ತಾಡಪತ್ರಿ ಮಡಿಚಿ ತಂದುಕೊಟ್ಟು, ನಮ್ಮ ಪಾತ್ರೆಗಳನ್ನು ಎಣಿಸಿ, "ಪಾವ್ಸ್ ರಾವನಾ ಬಾಯ್" ಅಂದರು. ಮಳೆ ಕಾಯುವುದಿಲ್ಲ ಮಗಾ ಅಂತ. ಆಮೇಲೆ ನಕ್ಕರು. ನಾನೂ ನಕ್ಕೆ, ಒಳಗೆ ಹೋಗಿ ಅತ್ತುಬಿಟ್ಟೆ.

ಆಗ ಅವರು ಹೇಳಿಕೊಟ್ಟ ಒಂದು ಉಪಾಯ ಮುಂದೆ ಸಾವಿರಾರು ರೂಪಾಯಿ ಉಳಿಸಿತು. ಮಳೆಯಲ್ಲಿ ಯಾರನ್ನೂ ಮೇಲೆ ಹತ್ತಿಸಬೇಡಿ, ಪಾಚಿ ಕಟ್ಟಿದ ಹಂಚು ಎಣ್ಣೆಯ ಹಾಗೆ ಜಾರುತ್ತದೆ. ಬದಲಿಗೆ ನೆಲದ ಮೇಲೆ ಹನಿ ಬೀಳುವ ಕಡೆಯೆಲ್ಲ ಗುರುತು ಹಾಕಿ, ಮನೆಯ ನಕ್ಷೆ ಬರೆದು ಅದರ ಮೇಲೆ ನಮೂದಿಸಿ. ಯಾವ ಗಾಳಿಗೆ ಸೋರುತ್ತದೆ, ಜೋರು ಮಳೆಗೋ ಬಿಡದೆ ಹಿಡಿದ ಸಣ್ಣ ಜಡಿಮಳೆಗೋ ಅನ್ನುವುದನ್ನೂ ಬರೆಯಿರಿ. ಜೋರು ಮಳೆಗೆ ಮಾತ್ರ ಸೋರಿದರೆ ಎಲ್ಲೋ ನೀರು ಕಟ್ಟಿ ಉಕ್ಕುತ್ತಿದೆ ಅಂತ. ಸಣ್ಣ ಮಳೆಗೂ ಸೋರಿದರೆ ಹಂಚೇ ಒಡೆದಿದೆ. ನಮ್ಮ ಹನ್ನೊಂದರಲ್ಲಿ ನಾಲ್ಕು ಜಾಗದ ಕಾರಣ ಒಂದೇ: ಎರಡು ಮಾಡು (ಹಂಚಿನ ಇಳಿಜಾರು ಸೂರು) ಕೂಡುವಲ್ಲಿ ನೀರು ಹರಿದುಹೋಗಲು ಇದ್ದ ತಗಡಿನ ದೋಣಿ. ಹಲಸಿನ ಎಲೆ ತುಂಬಿ ಅದು ಕೆರೆಯಾಗಿತ್ತು.

ಜುಲೈ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಇಳಕಲ್ ಸೀರೆಗಳ ಮಡಿಕೆಯಲ್ಲಿ ಬೂಷ್ಟು ಬಂತು. ತವರಿಂದ ತಂದ ಕಟಕ ರೊಟ್ಟಿ, ಅಲ್ಲಿ ತಿಂಗಳುಗಟ್ಟಲೆ ಕಟುಂ ಅನ್ನುವಂಥದ್ದು, ಇಲ್ಲಿ ಎರಡೇ ದಿನಕ್ಕೆ ಚಪಾತಿಯ ಹಾಗೆ ಮಡಿಚಲು ಬಂತು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು ಗಾಳಿ ಆಡುವ ಹಾಗೆ ಮಾಡಿದ ಮೇಲೆ ಸ್ವಲ್ಪ ತಹಬಂದಿಗೆ ಬಂತು. ರೊಟ್ಟಿಗೆ ಸ್ಟೀಲ್ ಡಬ್ಬಿ, ಮುಚ್ಚಳದ ಸುತ್ತ ಬಟ್ಟೆ. ತೋಟದಲ್ಲಿ ನಾನು ಗದಗದ ಮೆಂತ್ಯ, ಕೊತ್ತಂಬರಿ ಬೀಜ ಬಿತ್ತಿದ್ದೆ, ಒಂದೇ ರಾತ್ರಿಗೆ ಮಡಿ ಸಮೇತ ಗದ್ದೆ ಕಡೆ ಹರಿದು ಹೋಯಿತು. ಮಾವ್ಶಿಯ ಅಂಗಳದಲ್ಲಿ ಮಾತ್ರ ಚಪ್ಪರದ ಮೇಲೆ ತೌಶೆಂ, ಅಂದರೆ ಮಳೆಗಾಲದ ಸೌತೆ, ಏರು ಮಡಿಯಲ್ಲಿ ಏಳು ಗೆರೆಯ ಬೆಂಡೆ ನಿಶ್ಚಿಂತೆಯಿಂದ ಬೆಳೆಯುತ್ತಿದ್ದವು. ಸೊಪ್ಪಿನ ಕಾಲ ಇಲ್ಲಿ ಮಳೆ ನಿಂತ ಮೇಲೆ. ಅಕ್ಟೋಬರ್ ಕೊನೆಗೆ ಹಾಕಿದ ತಾಂಬಡಿ ಭಾಜಿ (ಕೆಂಪು ಹರಿವೆ), ಮೂಲಂಗಿ, ಅಳಸಂದೆ ಎಲ್ಲ ಬಂದವು.

ಅಡಿಕೆಗೆ ಕೊಳೆ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿದಂತೆ. ಮಲೆನಾಡಿನವರಿಗೆ ಇದು ಹೊಸದಲ್ಲ, ನಮಗೆ ಹೊಸದು. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿನಲ್ಲೂ 'ಕೊಳೆರೋಗ' ಅನ್ನುವ ನಮ್ಮ ಪದವೇ ಇದೆಯಂತೆ. ಓದಿದಾಗ ಹೆಮ್ಮೆಪಡಬೇಕೋ ಬೇಡವೋ ತಿಳಿಯಲಿಲ್ಲ. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಸಬೇಕಿತ್ತು. ಮೇ ತಿಂಗಳೆಲ್ಲ ನಾವು ಹಂಚಿನ ಮೇಸ್ತ್ರಿಯ ಹಿಂದೆ ಓಡುತ್ತಿದ್ದೆವಲ್ಲ.

ಚೌತಿ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಗಣಪತಿಯ ಮೇಲೆ ಮಾಟೋಳಿ, ಅಂದರೆ ಹಣ್ಣು ಕಾಯಿ ತೂಗುಬಿಡುವ ಚಪ್ಪರ, ಕಟ್ಟಲು ಜನ ಬಾಣಸ್ತಾರಿಯ ಸಂತೆಗೆ ಹೋಗಿ ಕಾಡು ಹಣ್ಣು, ಕಾಯಿ ತರುತ್ತಾರೆ. ಮಾವ್ಶಿ ನಮ್ಮ ತೋಟದಲ್ಲೇ ಅರ್ಧ ಗಂಟೆ ಸುತ್ತಿ, ನಾನು ಕಳೆ ಅಂದುಕೊಂಡಿದ್ದ ಬಳ್ಳಿಗಳಿಂದ ಏಳು ಬಗೆ ಕಿತ್ತುಕೊಟ್ಟರು. ಅವತ್ತೇ ಅವರು ಹಲಸಿನ ಕೊಂಬೆ ತೋರಿಸಿ, ಬರುವ ಮಳೆಗೆ ಮುಂಚೆ ಇದನ್ನು ತೆಗೆಸು, ಕಾಗದಪತ್ರ ಈಗಲೇ ಶುರು ಮಾಡು ಅಂದಿದ್ದು. ಮಾಡಿನ ಮೇಲೆ ವಾಲಿದ ಒಂದು ಟೊಳ್ಳು ತೆಂಗೂ ಇತ್ತು.

ಈಗ ಕಾಗದದ ಕಥೆ. ಇದನ್ನು ನಿಧಾನವಾಗಿ ಓದಿ.

ಗೋವಾದಲ್ಲಿ ನಿಮ್ಮದೇ ಜಾಗದ ಮರವಾದರೂ 1984ರ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ತೆಂಗಿಗೆ ಬೇಕಿಲ್ಲ ಅಂತ ನಮಗೆ ಇಬ್ಬರು ಹೇಳಿದರು. ಅವರ ಮಾತು ಪೂರ್ತಿ ಸುಳ್ಳಲ್ಲ, ಹಳತು. 2016ರಲ್ಲಿ ತಿದ್ದುಪಡಿ ತಂದು ತೆಂಗನ್ನು 'ಮರ'ದ ಪಟ್ಟಿಯಿಂದ ಬಿಟ್ಟಿದ್ದರು. ದೊಡ್ಡ ಗಲಾಟೆಯಾಗಿ 2017ರಲ್ಲಿ ವಾಪಸು ಸೇರಿಸಿ ರಾಜ್ಯದ ಮರ ಅಂತಲೇ ಮಾಡಿದರು. ಆ ಇಬ್ಬರ ಮಾತು ನಂಬಿ ಕಡಿಸಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಅರ್ಜಿಯ ಜೊತೆ ನಾವು ಕೊಟ್ಟಿದ್ದು: ಫಾರ್ಮ್ 1 ಮತ್ತು 14 (ಇದು ಇಲ್ಲಿಯ ಪಹಣಿ ಅಂದುಕೊಳ್ಳಿ), ಸರ್ವೆ ನಕ್ಷೆ, ಆಧಾರ್, ಮರ ಮತ್ತು ಮಾಡು ಒಟ್ಟಿಗೆ ಕಾಣುವ ಫೋಟೋಗಳು. ಅಕ್ಟೋಬರ್ 14ಕ್ಕೆ ಕೊಟ್ಟೆವು, ಹತ್ತು ದಿನಕ್ಕೆ ವಾಪಸು ಬಂತು. ಫಾರ್ಮ್ 1 ಮತ್ತು 14ರಲ್ಲಿ ನಮ್ಮ ಹೆಸರೇ ಇರಲಿಲ್ಲ! ಖರೀದಿ ಪತ್ರ ನೋಂದಣಿಯಾದರೆ ಹೆಸರು ತಾನಾಗಿ ಏರುತ್ತದೆ ಅಂದುಕೊಂಡಿದ್ದೆವು. ಮ್ಯುಟೇಶನ್‌ಗೆ, ಅಂದರೆ ಆ ದಾಖಲೆಯಲ್ಲಿ ಹೆಸರು ಬದಲಿಸಲು, ಬೇರೆಯೇ ನಡೆಯಬೇಕು. ಹಳೇ ಒಡೆಯರಿಗೆಲ್ಲ ನೋಟೀಸು ಹೋಗಬೇಕು, ಯಾರಿಂದಲೂ ತಕರಾರು ಬರಬಾರದು. ಮುಂಬೈಯ ತಂಗಿ ಮನೆ ಬದಲಿಸಿದ್ದರಿಂದ ಅವರ ನೋಟೀಸು ಮುಟ್ಟದೆ ಹಿಂದಕ್ಕೆ ಬಂತು. ಹೊಸ ವಿಳಾಸ ಹುಡುಕಿ ಮತ್ತೆ ಕಳಿಸುವಷ್ಟರಲ್ಲಿ ದೀಪಾವಳಿ ಮುಗಿದು ಕಾರ್ತಿಕವೂ ಮುಗಿಯಿತು. ಯಾರ ತಪ್ಪೂ ಅಲ್ಲ, ನಮ್ಮದೇ ಅಜ್ಞಾನ. ನೋಂದಣಿಯಾದ ವಾರದೊಳಗೇ ಮ್ಯುಟೇಶನ್ ಅರ್ಜಿ ಹಾಕಿ, ಎಲ್ಲ ಸಹಿದಾರರ ಈಗಿನ ವಿಳಾಸ, ಫೋನ್ ಬರೆದಿಟ್ಟುಕೊಳ್ಳಿ. ಮನೆ ತೆರಿಗೆಗೆ ಪಂಚಾಯತಿಯಲ್ಲಿ ಹೆಸರು ಬದಲಾವಣೆಯೂ ಬೇರೆ ಕೆಲಸ, ಎರಡನ್ನೂ ಒಟ್ಟಿಗೆ ಮಾಡಿ. ಮಾಡಿನ ದುರಸ್ತಿಗೂ ಪಂಚಾಯತಿಯ ಒಪ್ಪಿಗೆ ಬೇಕಲ್ಲ.

ನಮ್ಮನೆಯವರು ಆ ಎರಡು ತಿಂಗಳಲ್ಲಿ ಹದಿನಾಲ್ಕು ಸಲ ಬಸ್ಸು ಹತ್ತಿದರು. ನೌಕರಿಯಲ್ಲಿದ್ದಾಗಿಗಿಂತ ಈಗಲೇ ಜಾಸ್ತಿ ಡ್ಯೂಟಿ ಅಂತ ಗೊಣಗುತ್ತಿದ್ದರು. ಜನವರಿ ಮೊದಲ ವಾರ ಹೆಸರು ಏರಿತು. ಸ್ಥಳ ನೋಡಲು ಬಂದ ಅಧಿಕಾರಿ ಸಭ್ಯರು. ಹಲಸನ್ನು ಪೂರ್ತಿ ಕಡಿಯುವುದೇಕೆ, ಮಾಡಿನ ಮೇಲಿನ ಎರಡು ಕೊಂಬೆ ಸಾಕಲ್ಲ ಅಂದರು. ನಮಗೂ ಅದೇ ಬೇಕಿತ್ತು. ಕಡಿದ ತೆಂಗಿಗೆ ಬದಲು ಗಿಡ ನೆಡಬೇಕು ಅನ್ನುವ ಷರತ್ತಿನ ಮೇಲೆ ಫೆಬ್ರವರಿ 3ಕ್ಕೆ ಅನುಮತಿ ಕೈಗೆ ಬಂತು. ಕಡಿಯಲು, ಹಗ್ಗ ಕಟ್ಟಿ ಇಳಿಸಲು, ಸಾಗಿಸಲು 14,000. ತೆಂಗು ಬಿದ್ದಾಗ ನೆಲ ನಡುಗಿತು. ಅದರ ಒಳಗೆ ಕುರುವಾಯಿ ದುಂಬಿ ಕೊರೆದ ಸುರಂಗ ಮೊಣಕೈಯಷ್ಟು ಇತ್ತು. ಉಳಿದ ಐದಕ್ಕೂ ಹಬ್ಬದಿರಲೆಂದು ಈಗ ಸುಳಿಯ ಪಕ್ಕದ ಗರಿಗಳ ಸಂದಿಗೆ ಬೇವಿನ ಹಿಂಡಿ, ಮರಳು ಸಮಪಾಲು ಬೆರೆಸಿ ಹಾಕಿಸುತ್ತೇವೆ, ವರ್ಷಕ್ಕೆ ಮೂರು ಸಲ. ಕಾಯಿ ಕೀಳುವ ಪಾಡೇಲಿ ಹೇಗೂ ಎರಡು ತಿಂಗಳಿಗೊಮ್ಮೆ ಹತ್ತುತ್ತಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುವುದು.

ಮಾಡಿನ ಕೆಲಸ ಫೆಬ್ರವರಿ 16ಕ್ಕೆ ಶುರು. ಫೆಬ್ರವರಿಯಲ್ಲಿ ಹಂಚಿನ ಮೇಸ್ತ್ರಿ ಕರೆದ ದಿನವೇ ಬರುತ್ತಾನೆ, ಕೂತು ಚಹಾ ಕುಡಿದು ಮಾತಾಡಲು ಅವನಿಗೂ ಪುರುಸೊತ್ತು ಇರುತ್ತದೆ. ದಿನಕ್ಕೆ 1,100, ಸಹಾಯಕನಿಗೆ 800. ಮೇನಲ್ಲಿ ಇದೇ ಮನುಷ್ಯ 1,600 ಕೇಳಿದ್ದ. ನಾನು ನನ್ನ ನಕ್ಷೆ ಮುಂದಿಟ್ಟೆ. ಐದು ನಿಮಿಷ ನೋಡಿ, "ಇದನ್ನು ಯಾರು ಬರೆದದ್ದು? ಅರ್ಧ ಕೆಲಸ ಆಗಿದೆ" ಅಂದ. ಅವತ್ತಿನ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಹಂಚಿನ ವಿಷಯದಲ್ಲಿ ಒಂದು ಎಚ್ಚರ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು. ಎಲ್ಲಕ್ಕೂ 'ಮಂಗಳೂರು ಹಂಚು' ಅಂತಲೇ ಹೆಸರು, ಆದರೆ ಅಚ್ಚು ಬೇರೆ ಬೇರೆ. ಒಂದರ ತೋಡಿಗೆ ಇನ್ನೊಂದರ ಏಣು ಕೂರುವುದಿಲ್ಲ, ಕೂತಂತೆ ಕಂಡರೂ ಬೆರಳು ಸಂದಿ ಬಿಡುತ್ತದೆ. ಬಾದಾಮಿಯ ಮೇಸ್ತ್ರಿ ಹಾಕಿದ ಹಂಚೆಲ್ಲ ಅದಕ್ಕೇ ಸೋರಿದ್ದು. ನಿಮ್ಮ ಮನೆಯ ಒಂದು ಹಂಚು ತೆಗೆದು ಬೋರಲು ಹಾಕಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದನ್ನೇ ಕೈಯಲ್ಲಿ ಹಿಡಿದು ಹಳೇ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಹೋಗಿ. ನಮಗೆ ಅಲ್ಲಿ ಒಂದಕ್ಕೆ 16 ರೂಪಾಯಿಯಂತೆ 320 ಹಂಚು ಸಿಕ್ಕವು. 100 ಚದರ ಅಡಿಗೆ ಸುಮಾರು 150 ಹಂಚು ಬೇಕಾಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ, ಮೇಲೆ ಒಂದಿಷ್ಟು ಹೆಚ್ಚಿಗೆ ತಂದು ಹಿತ್ತಲಲ್ಲಿ ಜೋಡಿಸಿಡಿ.

ಹಂಚು ಇಳಿಸಿದಾಗ ಕಂಡಿದ್ದು ಗೆದ್ದಲು. ಹಂಚು ಕೂರುವ ಮರದ ಪಟ್ಟಿಗಳಾದ ರೀಪುಗಳಲ್ಲಿ ಮೂರನೇ ಒಂದು ಭಾಗ ಹೊರಗೆ ಗಟ್ಟಿ, ಒಳಗೆ ಪುಡಿ. ಇದು ನಮ್ಮ ಅಂದಾಜಿನಲ್ಲಿ ಇರಲಿಲ್ಲ. 60,000ಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದು 1,18,000ಕ್ಕೆ ಹೋಯಿತು. ಮಗಳು ಪುಣೆಯಿಂದ ದುಡ್ಡು ಕಳಿಸಿದಳು, ಕೇಳುವಾಗ ನಾಲಿಗೆ ಹೊರಳಲಿಲ್ಲ. ತಗಡಿನ ದೋಣಿಯನ್ನು ಎರಡರಷ್ಟು ಅಗಲ ಮಾಡಿಸಿದೆವು. ಪಶ್ಚಿಮದ ಗೋಡೆಗೆ ಹಿಂದಿನವರು ಸಿಮೆಂಟು ಗಿಲಾವು ಮಾಡಿ ಆಯಿಲ್ ಪೇಂಟ್ ಬಳಿದಿದ್ದರು. ಜಂಬಿಟ್ಟಿಗೆ ನೀರು ಹೀರುವ ಕಲ್ಲು, ಹೀರಿದ್ದನ್ನು ಬಿಡಲು ದಾರಿ ಇಲ್ಲದೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಅದನ್ನು ಕೆರೆಸಿ ಸುಣ್ಣ ಹೊಡೆಸಿದೆವು. ಮಳೆಗಾಲಕ್ಕೆ ಆ ಗೋಡೆಗೆ ಮೊಳ್ಳಾಂ, ಅಂದರೆ ಹೆಣೆದ ತೆಂಗಿನ ಗರಿ, ಕಟ್ಟಿದ್ದೇವೆ. ಕಡಿದ ತೆಂಗಿನ ಗರಿಗಳೇ.

ಮೇ ತಿಂಗಳು ಈ ಸಲ ನಮ್ಮದಾಗಿತ್ತು. ಬೋರ್ಡೊ ದ್ರಾವಣ ಮನೆಯಲ್ಲೇ ಮಾಡಿದೆವು: 10 ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು. ಮಾಡಿದ ದಿನವೇ ಹೊಡೆಸಿ, ಮತ್ತೆ 40-45 ದಿನಕ್ಕೆ ಎರಡನೇ ಸಲ. ಮುರುಗಲು ಸಿಪ್ಪೆ ಒಣಗಿಸಿ ಭರಣಿಗೆ ತುಂಬಿದ್ದು, ಮೆಣಸಿನಕಾಯಿ, ಬೇಳೆ, ಒಣ ಸೌದೆ ಒಳಗೆ ಸೇರಿಸಿದ್ದು ಎಲ್ಲ ಮಾವ್ಶಿಯ ಹುಕುಂ. ಮಳೆಗಾಲಕ್ಕೆ ಹೀಗೆ ಕೂಡಿಡುವುದಕ್ಕೆ ಗೋವಾದಲ್ಲಿ ಪುರುಮೆಂತ ಅನ್ನುತ್ತಾರೆ. ಜೋಳದ ಹಿಟ್ಟನ್ನು ಮಾತ್ರ ನಾನು ಕೂಡಿಡುವುದಿಲ್ಲ, ಹುಳ ಬೀಳುತ್ತದೆ. ಜೋಳ ಇಟ್ಟುಕೊಂಡು ವಾರಕ್ಕೊಮ್ಮೆ ಬೀಸಿಸುವುದು.

ಮೊದಲ ಮಳೆಗೆ ಬಾವಿ ನೀರು ಕೆಂಪಾಗುತ್ತದೆ, ಹೆದರಬೇಡಿ. ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ. ನಮ್ಮ ಬಾವಿ ಎರಡು ಮೀಟರ್ ಅಗಲ, ನೀರು ಮೂರು ಮೀಟರ್ ಇದ್ದಾಗ ಸುಮಾರು 24 ಗ್ರಾಂ ಆಗುತ್ತದೆ. ಬಕೆಟ್ಟಿನಲ್ಲಿ ಕಲಕಿ, ಕೆಳಗೆ ಕೂತ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನು ರಾತ್ರಿ ಬಾವಿಗೆ ಬಿಟ್ಟು, ಬೆಳಗ್ಗೆ ಸೇದುವುದು.

ಈ ವರ್ಷ ಮಳೆ ಜೂನ್ 6ಕ್ಕೆ ಬಂತು. ರಾತ್ರಿ ಎರಡು ಗಂಟೆಗೆ ಇಬ್ಬರೂ ಟಾರ್ಚು ಹಿಡಿದು ಕೋಣೆ ಕೋಣೆ ಸುತ್ತಿದೆವು. ದೇವರ ಮನೆ ಒಣ, ಅಡುಗೆ ಮನೆ ಒಣ. ಪಡಸಾಲೆಯ ಮೂಲೆಯಲ್ಲಿ ಒಂದು ಕಡೆ, ಬಚ್ಚಲ ಬಾಗಿಲಲ್ಲಿ ಒಂದು ಕಡೆ ಹನಿ. ಡಬರಿ ಇಟ್ಟು, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ನಕ್ಷೆಯಲ್ಲಿ ಬರೆದೆ: ಜಡಿಮಳೆ, ಪಶ್ಚಿಮ ಗಾಳಿ. ಬೆಳಗ್ಗೆ ಮೇಸ್ತ್ರಿಗೆ ಫೋನ್ ಮಾಡಿದೆ. ಫೆಬ್ರವರಿ 10ಕ್ಕೆ ಬರುತ್ತೇನೆ ಅಂದ. ನಮ್ಮನೆಯವರು ಆಗಲೇ ಛತ್ರಿ ಹಿಡಿದು ಹೊರಟಿದ್ದರು, ಅವನಿಗೆ 2,000 ಮುಂಗಡ ಕೊಟ್ಟು ಬರಲು.